ಸಾಹುಕಾರ್ತಿ ಕೋಳಿಯ ಕಾಲು

ಶನಿವಾರಸಂತೆ
೧೪ ಜೂನ್ ೧೯೩೬

ಚಿರಂಜೀವಿ ವಿಮಲಳಿಗೆ ನಿನ್ನ ಅಪ್ಪಯ್ಯ ಶಾಂತಪ್ಪ ಬರೆಯುವುದು.

ನೀನು ಹೋದ ಮೇಲೆ ಮನೆಯಲ್ಲಿ ಮಾತು ಅರ್ಧಕ್ಕಿಳಿದಿದೆ. ಉಳಿದ ಅರ್ಧವೂ ನನ್ನದೇ ಅನ್ನುತ್ತಾಳೆ ನಿನ್ನ ಅವ್ವ. ಇರಲಿ, ಮಾತಾಡದೆ ಯಾವ ವ್ಯಾಪಾರ ನಡೆದಿದೆ.

ಇವತ್ತಿನ ಬಸ್ಸಿಗೆ ಒಂದು ಮೂಟೆ ಅಕ್ಕಿ ಹಾಕಿಸಿದ್ದೇನೆ. ಮೂರ್ನಾಡಿನಲ್ಲಿ ಅಂಗಡಿ ಇಟ್ಟಿರುವ ನಮ್ಮ ಸಿದ್ದಣ್ಣ ಇಳಿಸಿಕೊಂಡು ವಿರಾಜಪೇಟೆಯ ಬಸ್ಸಿಗೆ ಹತ್ತಿಸುತ್ತಾನೆ. ಅಲ್ಲಿಂದ ಬಾಳೆಲೆಗೆ ಎತ್ತಿನ ಗಾಡಿ. ಮೂಟೆ ಬಿಚ್ಚಿದ ಕೂಡಲೇ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದು ನೋಡು. ಊರಿನವರಿಗೆ ನಮ್ಮ ಅಕ್ಕಿ ಮಿಷನ್ನಿನಲ್ಲಿ ಒಂದು ಸಲ ಬಿಟ್ಟು ಕೊಡುತ್ತೇನೆ. ಮದುವೆ ಅಕ್ಕಿಯಾದರೆ ಎರಡು ಸಲ. ನಿನ್ನದನ್ನು ಮೂರು ಸಲ ಬಿಟ್ಟಿದ್ದೇನೆ. ಕಾಳಿನ ಮೇಲೆ ಕೆಂಪಿನ ಒಂದು ಗೆರೆ ಹುಡುಕಿ ತೋರಿಸು, ನಾನು ಅಂಗಡಿ ಮುಚ್ಚಿ ಮಠಕ್ಕೆ ಹೋಗುತ್ತೇನೆ.

ನಗಬೇಡ. ತಲೆಯ ಮೇಲೆ ಉಪ್ಪು ಹೊತ್ತು ಸಂತೆಯಿಂದ ಸಂತೆಗೆ ತಿರುಗುತ್ತಿದ್ದಾಗ ನಾನು ಉಂಡದ್ದು ಕೆಂಪಕ್ಕಿಯ ಗಂಜಿ. ಬಿಳಿ ಅನ್ನ ಗೌಡರ ಮನೆಯ ಕಿಟಕಿಯಲ್ಲಿ ಕಾಣುತ್ತಿತ್ತು. ನನ್ನ ಮಕ್ಕಳ ಎಲೆಯಲ್ಲಿ ಬಿಳಿ ಅನ್ನವೇ ಬೀಳಬೇಕು ಅಂತ ಆಗಲೇ ತೀರ್ಮಾನ ಮಾಡಿದೆ. ಮಿಷನ್ನು ಬಂದದ್ದು ಆಮೇಲೆ.

ಹೊರಡುವಾಗ ನೀನು ಕೊಟ್ಟ ಮಾತು ನೆನಪಿರಲಿ. ನಮ್ಮ ಮನೆಯ ಅಕ್ಕಿಯ ಅನ್ನವಲ್ಲದೆ ಬೇರೆಯವರ ಮನೆಯ ಕೂಳು ಮುಟ್ಟುವುದಿಲ್ಲ ಅಂದಿದ್ದೀಯ. ಕೊಡವರು ಒಳ್ಳೆಯ ಜನ, ಆದರೆ ಅವರ ಒಲೆ ಬೇರೆ, ನಮ್ಮ ಒಲೆ ಬೇರೆ. ಮೈಗೆ ಹುಷಾರಿಲ್ಲದಿದ್ದರೆ ಮರುದಿನವೇ ಊರಿಗೆ ಬರುತ್ತೇನೆ ಅಂತಲೂ ಅಂದಿದ್ದೀಯ. ಇವೆರಡರ ಮೇಲೆ ನಿನ್ನನ್ನು ಶಾಲೆಯ ಕೆಲಸಕ್ಕೆ ಅಷ್ಟು ದೂರ ಬಿಟ್ಟಿರುವುದು. ನಿನ್ನ ಅಣ್ಣ ಜಯಪ್ಪ ಈಗಲೂ ನನ್ನ ಜೊತೆ ನೆಟ್ಟಗೆ ಮಾತಾಡುತ್ತಿಲ್ಲ.

ನಿನ್ನ ಅಕ್ಕಿಯಿಂದ ಬಿದ್ದ ತೌಡನ್ನು ಎಮ್ಮೆಗೆ ಹಾಕಿದೆವು. ಅದರ ಮೈ ಕನ್ನಡಿಯಾಗಿದೆ.

ನಿನ್ನ ಅಪ್ಪಯ್ಯ

*

ಬಾಳೆಲೆ
೨೮ ಜೂನ್ ೧೯೩೬

ಅಪ್ಪಯ್ಯನವರ ಪಾದಗಳಿಗೆ ವಿಮಲಳ ಶರಣು.

ಮೂಟೆ ಬಂತು. ಬೆಳಕಿಗೆ ಹಿಡಿದು ನೋಡಿದೆ. ನೀವು ಮಠಕ್ಕೆ ಹೋಗಬೇಕಾಗಿಲ್ಲ.

ನಾನಿರುವುದು ಬೋಜಪ್ಪನವರ ಮನೆಗೆ ಸೇರಿದ ಹೊರಗಿನ ಕೋಣೆಯಲ್ಲಿ. ಅವರ ಮನೆಯಮ್ಮ ದಿನಾ ಬಾಗಿಲಿಗೆ ಬಂದು ಇವತ್ತು ಪುಟ್ಟು, ಇವತ್ತು ಒಟ್ಟಿ ಎಂದು ಅವರ ಕಡುಬು ರೊಟ್ಟಿಗೆ ಕರೆಯುತ್ತಾರೆ, ನಾನು ಕೈಮುಗಿದು ಬೇಡ ಅನ್ನುತ್ತೇನೆ. ನಾನು ಬೆಂದ ಅನ್ನ ಬಸಿದು, ಮಜ್ಜಿಗೆ ಉಪ್ಪಿನಕಾಯಿ ಹಾಕಿಕೊಂಡು ಉಣ್ಣುತ್ತೇನೆ. ಒಬ್ಬಳಿಗೆ ಅಷ್ಟು ಸಾಕು, ಸೌದೆಯೂ ಒದ್ದೆ.

ಪಾಠದ ಸುದ್ದಿ ಕೇಳಿ. ನನಗೆ ಕೊಟ್ಟಿರುವುದು ಶರೀರ ಮತ್ತು ಆಹಾರದ ಪಾಠ. ಮೊದಲ ದಿನ ಪುಸ್ತಕ ಮುಚ್ಚಿಸಿ, ತಿಂದದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಬೆಳ್ಯಪ್ಪ ಎಂಬ ಹುಡುಗ ಎದ್ದು ನಿಂತ. ಬೇಟೆಗೆ ಹೋಗುವ ಮನೆತನದವನು. ಗಂಟಲಲ್ಲಿ ಎರಡು ಕೊಳವೆ ಇವೆ, ಗಟ್ಟಿಯದು ಅನ್ನಕ್ಕೆ, ಮೆತ್ತಗಿನದು ಕಾಫಿಗೆ ಅಂದ. ಯಾರು ಹೇಳಿದರು ಎಂದರೆ, ಹಂದಿಯನ್ನು ಪಾಲು ಮಾಡುವಾಗ ಕಣ್ಣಾರೆ ನೋಡಿದ್ದೇನೆ ಅನ್ನುತ್ತಾನೆ. ಕೊಳವೆ ಎರಡಿರುವುದು ನಿಜ, ಲೆಕ್ಕ ತಪ್ಪಿದ್ದು ಕೆಲಸ ಹಂಚುವುದರಲ್ಲಿ. ಗಟ್ಟಿಯದು ಉಸಿರಿಗೆ ಎಂದು ಒಪ್ಪಿಸುವುದಕ್ಕೆ ನೀರು ಕುಡಿಯುತ್ತಲೇ ಹಾಡು ಹೇಳಿಸಿದೆ. ಅವನು ಕೆಮ್ಮಿದ್ದು ಬೋಜಪ್ಪನವರ ಗದ್ದೆಯವರೆಗೆ ಕೇಳಿಸಿತು.

ಆಮೇಲೆ ನನ್ನ ಸರದಿ. ಗೋಡೆಯ ಪಟ ನೋಡಿಕೊಂಡು, ಪುಸ್ತಕದಲ್ಲಿ ಯಕೃತ್ತು ಅನ್ನುತ್ತಾರಲ್ಲ, ಆ ಈಲಿ ಇಲ್ಲಿದೆ ಎಂದು ನನ್ನ ಎಡಗಡೆ ಮುಟ್ಟಿ ತೋರಿಸಿದೆ. ತರಗತಿ ತರಗತಿಯೇ ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ಪಟದವನು ನಮಗೆ ಎದುರಾಗಿ ನಿಂತಿದ್ದಾನೆ, ಅವನ ಬಲ ನಮಗೆ ಎಡ ಎಂಬುದು ಮಾಂಸವನ್ನೇ ಕಾಣದ ನನಗೆ ಹೊಳೆಯಲಿಲ್ಲ. ಮರುದಿನ ತಿದ್ದಿ ಹೇಳಿದೆ.

ಆದರೆ ಎಲ್ಲರೂ ಒಂದೇ ದನಿಯಲ್ಲಿ ನಂಬಿರುವ ಸಂಗತಿ ಒಂದಿದೆ. ಹೊಟ್ಟೆಯಲ್ಲಿ ಒಲೆ ಇದೆಯಂತೆ. ಸಾಕ್ಷಿ ಏನೆಂದರೆ ಚಳಿಯ ಬೆಳಿಗ್ಗೆ ಬಾಯಿಂದ ಹೊಗೆ ಬರುತ್ತದೆ. ಇದನ್ನು ತಪ್ಪು ಎನ್ನಲು ನನಗೇ ಮನಸ್ಸಾಗಲಿಲ್ಲ.

ಬಾಗಿಲ ಹತ್ತಿರ ಕೂರುವ ಮುತ್ತಿ ಎಂಬ ಹುಡುಗಿ ಇದ್ದಾಳೆ. ಅವಳ ಅಪ್ಪ ಕಾಳ ಬೋಜಪ್ಪನವರ ಗದ್ದೆ ಕೆಲಸದವನು, ತಾಯಿ ಅವರ ಮನೆಯ ಭತ್ತ ಕುಟ್ಟುತ್ತಾಳೆ. ಅವಳನ್ನು ಶಾಲೆಗೆ ಕಳಿಸಿ ಎಂದು ಕೇಳಿಕೊಂಡು ಎರಡು ಸಲ ಅವರ ಗುಡಿಸಲಿಗೆ ಹೋಗಿದ್ದೆ. ಮಾತು ಕಡಿಮೆ, ನೋಟ ಜಾಸ್ತಿ.

ಅವ್ವನಿಗೆ ನಾನು ಚೆನ್ನಾಗಿ ಉಣ್ಣುತ್ತಿದ್ದೇನೆ ಎಂದು ಹೇಳಿ.

ವಿಮಲ

*

ಶನಿವಾರಸಂತೆ
೧೨ ಜುಲೈ ೧೯೩೬

ಮಗಳೇ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ. ಹಂದಿ ಬಂದ ಜಾಗ ಮಾತ್ರ ಬಾಯಿಬಿಟ್ಟು ಓದದೆ ಕಣ್ಣಲ್ಲೇ ದಾಟಿದೆ. ಆದರೂ ಒಂದು ಮಾತು. ಸರ್ಕಾರ ನಿನ್ನನ್ನು ಹಂದಿಯ ಕರುಳು ಲೆಕ್ಕ ಹಾಕಿಸುವುದಕ್ಕೆ ಅಲ್ಲಿಗೆ ಕಳಿಸಿದೆಯೋ ಎಂದು ಜಯಪ್ಪ ಕೇಳುತ್ತಾನೆ. ಪಾಲು ಮಾಡುವ ಕಡೆಗೆ ನೀನು ಹೋಗಿ ನಿಲ್ಲುವುದಿಲ್ಲ ತಾನೆ? ನೋಡಿದರೆ ವಾಸನೆ, ವಾಸನೆಯಾದರೆ ರುಚಿ. ವ್ಯಾಪಾರದಲ್ಲಿ ನಾನು ಗಿರಾಕಿಯನ್ನು ಹಿಡಿಯುವುದೂ ಹೀಗೆಯೇ.

ಒಲೆಯ ಸಂಗತಿ ಊರಿನಲ್ಲೆಲ್ಲ ಹಬ್ಬಿದೆ. ಈಗ ಅಂಗಡಿಗೆ ಬಂದವರು ಅಕ್ಕಿ ಕೊಡಿ ಅನ್ನುವುದಿಲ್ಲ, ಒಲೆಗೆ ಸೌದೆ ಕೊಡಿ ಅನ್ನುತ್ತಾರೆ. ಆ ಮಕ್ಕಳಲ್ಲಿ ಯಾರಾದರೂ ದೊಡ್ಡವರಾದ ಮೇಲೆ ಕೆಲಸ ಕೇಳಿಕೊಂಡು ಬಂದರೆ ಇಟ್ಟುಕೊಳ್ಳುತ್ತೇನೆ. ಹೊಗೆ ಕಂಡು ಒಲೆ ಲೆಕ್ಕ ಹಾಕುವವನು ಎಲ್ಲಿಯೂ ಬದುಕುತ್ತಾನೆ.

ನನ್ನ ಸುದ್ದಿ ದೊಡ್ಡದು. ಮೈಸೂರಿನಿಂದ ಹೊಸ ಮಿಷನ್ನು ತರಿಸಬೇಕೆಂದಿದ್ದೇನೆ. ಅದರ ಕೆಲಸ ಬರೀ ಹೊಳಪು ಕೊಡುವುದು. ಮೂರು ಸಲ ಬಿಡುವುದನ್ನು ಅದು ಒಂದೇ ಸಲಕ್ಕೆ ಮಾಡುತ್ತದಂತೆ, ಕಾಳು ಗಾಜಿನ ಮಣಿಯಾಗುತ್ತದಂತೆ. ಆಯುಧಪೂಜೆಯ ದಿನ ಮೊದಲ ಪೂಜೆ. ಆ ದಿನ ಅದರ ಗಾಲಿ ನೀನೇ ತಿರುಗಿಸಬೇಕು ಅಂತ ನನ್ನ ಆಸೆ.

ನಿನ್ನ ಅಪ್ಪಯ್ಯ

*

ಬಾಳೆಲೆ
೨೦ ಆಗಸ್ಟ್ ೧೯೩೬

ಅಪ್ಪಯ್ಯನವರಿಗೆ ಶರಣು.

ಕಾಗದ ತಡವಾಯಿತು. ಹೊಳೆ ತುಂಬಿ ಟಪ್ಪಾಲು ನಿಂತಿತ್ತು.

ನಾನು ಪಾಲು ಮಾಡುವ ಕಡೆಗೆ ಹೋಗಿಲ್ಲ. ಹೋಗುವುದೂ ಇಲ್ಲ. ಈಗೀಗ ಕೋಣೆಯಿಂದ ಶಾಲೆ, ಶಾಲೆಯಿಂದ ಕೋಣೆ, ಅಷ್ಟೇ ನನ್ನ ಓಡಾಟ. ಇಲ್ಲಿ ಕುರ್ಚಿಯಲ್ಲಿ ಕೂತು ಪಾಠ ಹೇಳುವುದು ರೂಢಿ, ನಾನೂ ಹಾಗೆಯೇ ಮಾಡುತ್ತೇನೆ. ಮಕ್ಕಳು ಒಳ್ಳೆಯವರು, ಬೋರ್ಡಿನ ಮೇಲೆ ನಾನು ಹೇಳಿದ್ದನ್ನು ಅವರೇ ಬರೆಯುತ್ತಾರೆ.

ಒಂದು ಕೆಲಸ ಆಗಬೇಕು. ನನ್ನ ಚಪ್ಪಲಿಯ ಚರ್ಮ ಮಳೆಗೆ ಕುಗ್ಗಿದೆ. ಹೊಸ ಜೊತೆ ಮಾಡಿಸಿ ಕಳಿಸಿ. ಪಾದದ ಸುತ್ತಳತೆಯ ದಾರ ಇದರ ಜೊತೆ ಇಟ್ಟಿದ್ದೇನೆ.

ಇನ್‌ಸ್ಪೆಕ್ಟರು ಬಂದಿದ್ದರು. ಆಹಾರದ ಬಗ್ಗೆ ಒಂದು ಸಣ್ಣ ಪುಸ್ತಕ ಕೊಟ್ಟು, ಇದರಲ್ಲಿರುವುದನ್ನು ಓದಿಸಬೇಡಿ, ಮಾಡಿ ತೋರಿಸಿ ಎಂದರು. ಹಾಗಾಗಿ ಶಾಲೆಯ ಹಿಂದೆ ಎರಡು ಗೂಡು ಕಟ್ಟಿ ಎರಡು ಕೋಳಿ ಇಟ್ಟಿದ್ದೇವೆ. ಗಾಬರಿಯಾಗಬೇಡಿ, ನೋಡುವುದಕ್ಕೆ ಮಾತ್ರ. ಎರಡೂ ಬೆಳ್ಯಪ್ಪನ ಮನೆಯವು. ಒಂದಕ್ಕೆ ಬರೀ ಬಿಳಿ ಅಕ್ಕಿ. ಇನ್ನೊಂದಕ್ಕೆ ಬೋಜಪ್ಪನವರ ಮನೆಯಲ್ಲಿ ಒನಕೆಯಲ್ಲಿ ಕುಟ್ಟಿದ, ತೌಡು ಹೋಗದ ಕೆಂಪಕ್ಕಿ. ಮಕ್ಕಳು ಮೊದಲನೆಯದಕ್ಕೆ ಸಾಹುಕಾರ್ತಿ ಎಂದೂ ಎರಡನೆಯದಕ್ಕೆ ಬಡವಿ ಎಂದೂ ಹೆಸರಿಟ್ಟಿದ್ದಾರೆ. ಯಾರು ದಪ್ಪವಾಗುತ್ತಾರೆ ಎಂದು ಕೈ ಎತ್ತಿಸಿದೆ. ಎಲ್ಲರೂ ಸಾಹುಕಾರ್ತಿ ಪಕ್ಷ. ಮುತ್ತಿ ಕೈ ಎತ್ತಲೇ ಇಲ್ಲ. ಕೇಳಿದರೆ, ನೋಡೋಣ ಅಂದಳು.

ವಿಮಲ

*

ಶನಿವಾರಸಂತೆ
೩೦ ಆಗಸ್ಟ್ ೧೯೩೬

ಮಗಳೇ,

ಅಪ್ಪನಿಗೆ ಚರ್ಮದ ವ್ಯಾಪಾರ ಗೊತ್ತಿಲ್ಲ ಅಂದುಕೊಂಡೆಯಾ? ಮಳೆಗೆ ನೆನೆದ ಚಪ್ಪಲಿ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ. ನಿನ್ನ ಹಳೆಯ ಅಳತೆಯ ದಾರ ನಮ್ಮ ಚಮ್ಮಾರನ ಗೂಟದಲ್ಲಿ ಇನ್ನೂ ನೇತಾಡುತ್ತಿತ್ತು. ಎರಡನ್ನೂ ಜೋಡಿಸಿ ನೋಡಿದೆ. ಹೊಸದು ಎರಡು ಬೆರಳು ಉದ್ದ.

ನಿಜ ಸಂಗತಿ ನನಗೆ ಆಗಲೇ ಹೊಳೆಯಿತು. ನೀನು ಮೈ ತುಂಬಿಕೊಂಡಿದ್ದೀಯ. ಹೆಣ್ಣುಮಗಳು, ಅಪ್ಪನಿಗೆ ಹಾಗೆಂದು ಬರೆಯಲು ನಾಚಿಕೆ, ಪಾಪ ಚರ್ಮದ ಮೇಲೆ ಹಾಕಿದ್ದೀಯ. ನಾಚಿಕೆ ಯಾಕೆ? ಹೋಗುವಾಗ ಹಂಚಿಕಡ್ಡಿಯ ಹಾಗಿದ್ದೆ. ನಮ್ಮ ಅಕ್ಕಿ ಮೈಗೆ ಹತ್ತಿದೆ ಎಂದು ಅಂಗಡಿಯಲ್ಲಿ ಎಲ್ಲರಿಗೂ ದಾರ ತೋರಿಸಿದೆ. ನಿನ್ನ ಅವ್ವ ಸುಲೋಚನಮ್ಮ ಮಾತ್ರ ಆ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಏನು ಎಂದರೆ ಏನಿಲ್ಲ. ಅವಳಿಗೆ ಸಂತೋಷಕ್ಕೂ ಒಂದು ಚಿಂತೆ ಬೇಕು.

ಚಪ್ಪಲಿ ಕಳಿಸಿದ್ದೇನೆ. ಇನ್ನೂ ದಪ್ಪವಾಗುತ್ತೀಯ ಎಂದು ಸ್ವಲ್ಪ ಸಡಿಲವಾಗಿಯೇ ಮಾಡಿಸಿದೆ.

ಕೋಳಿಯ ವಿಷಯ. ಮೊದಲು ಬೈಯೋಣ ಅಂತ ಕೂತೆ, ಆಮೇಲೆ ಆಸಕ್ತಿ ಬಂತು. ನಾನೂ ಸಾಹುಕಾರ್ತಿ ಪಕ್ಷ. ಅವಳಿಗೆ ನಿನ್ನ ಅಕ್ಕಿಯೇ ಹಾಕು, ಅಲ್ಲಿ ಇಲ್ಲಿ ಸಿಕ್ಕಿದ್ದು ಬೇಡ. ಅವಳ ಪಾಲು ಅಂತ ಈ ಸಲ ಒಂದು ಸಣ್ಣ ಚೀಲ ಬೇರೆಯೇ ಕಟ್ಟಿಸಿದ್ದೇನೆ. ಗೆದ್ದ ದಿನ ಬರೆ.

ನಿನ್ನ ಅಪ್ಪಯ್ಯ

*

ಬಾಳೆಲೆ
೨೧ ಸೆಪ್ಟೆಂಬರ್ ೧೯೩೬

ಅಪ್ಪಯ್ಯನವರಿಗೆ ಶರಣು.

ಚಪ್ಪಲಿ ಸರಿಹೋಯಿತು. ಮಳೆ ಕಡಿಮೆಯಾಗಿದೆ. ಮಕ್ಕಳೆಲ್ಲ ಚೆನ್ನಾಗಿದ್ದಾರೆ. ಕೋಳಿಯ ಪಾಠ ಮುಗಿಯಿತು.

ಈ ತಿಂಗಳು ಅಕ್ಕಿ ಕಳಿಸಬೇಡಿ, ಇನ್ನೂ ಇದೆ.

ಆಯುಧಪೂಜೆಗೆ ರಜೆ ಸಿಗುವುದು ಅನುಮಾನ.

ವಿಮಲ

*

ಶನಿವಾರಸಂತೆ
೨೭ ಸೆಪ್ಟೆಂಬರ್ ೧೯೩೬

ವಿಮಲ,

ಇಷ್ಟು ಚಿಕ್ಕ ಕಾಗದವನ್ನು ನೀನು ಹುಟ್ಟಿದ ಮೇಲೆ ಬರೆದಿಲ್ಲ. ನನ್ನ ಮಗಳಾಗಿ ಇಷ್ಟು ಕಡಿಮೆ ಮಾತು ಎಲ್ಲಿಂದ ತಂದೆ?

ಮೂರು ಸಲ ಓದಿದೆ. ಬರೆದದ್ದರಲ್ಲಿ ಏನೂ ಸಿಗಲಿಲ್ಲ. ಆಮೇಲೆ ಬರೆಯದೆ ಬಿಟ್ಟದ್ದನ್ನು ನೋಡುತ್ತಾ ಹೋದೆ. ಕೋಳಿಯ ಪಾಠ ಮುಗಿಯಿತು ಅಂತಿದೆ. ಯಾರು ಗೆದ್ದರು ಅಂತ ಇಲ್ಲ. ಪಂದ್ಯದ ಸುದ್ದಿ ತಂದವನು ಗೆದ್ದವರ ಹೆಸರು ನುಂಗಿದರೆ, ಕೇಳುತ್ತಿರುವವನು ಸೋತಿದ್ದಾನೆ ಅಂತ ಅರ್ಥ. ಸಾಹುಕಾರ್ತಿ ಪಕ್ಷ ಇದ್ದವನು ನಾನು.

ಅಕ್ಕಿ ಬೇಡ ಅಂದಿದ್ದೀಯ. ಒಬ್ಬಳು ಒಂದು ಮೂಟೆಯಲ್ಲಿ ಎಷ್ಟು ಉಣ್ಣುತ್ತಾಳೆ ಎಂಬುದನ್ನು ನನಗೆ ಹೇಳಿಕೊಡಬೇಡ. ಉಳಿದಿದೆ ಅಂದರೆ ನೀನು ಉಂಡಿಲ್ಲ.

ಇನ್ನು ಕುರ್ಚಿ. ಕೂತು ಪಾಠ ಹೇಳುವುದು ಅಲ್ಲಿನ ರೂಢಿಯಂತೆ. ಸಿದ್ದಣ್ಣನ ಹುಡುಗರು ಓದುವುದು ಅದೇ ಸೀಮೆಯಲ್ಲಿ. ಕೇಳಿದೆ. ಅಲ್ಲಿ ಮೇಷ್ಟ್ರುಗಳು ನಿಂತೇ ಇರುತ್ತಾರಂತೆ, ಕೈಯಲ್ಲಿ ಕೋಲು ಬೇರೆ.

ನಿನ್ನೆ ನಿನ್ನ ಅವ್ವ ಆ ಎರಡು ದಾರ ತಂದು ನನ್ನ ಮುಂದೆ ಇಟ್ಟಳು. ಒಂದೇ ಮಾತು ಕೇಳಿದಳು: “ಮೈ ತುಂಬಿಕೊಂಡವರಿಗೆ ಮೊದಲು ಕೆನ್ನೆ ತುಂಬುತ್ತದೆ. ಪಾದ ಮಾತ್ರ ದಪ್ಪವಾದರೆ ಅದಕ್ಕೆ ಏನನ್ನುತ್ತಾರೆ, ಗೊತ್ತಾ?”

ಗೊತ್ತು. ಬಾವು ಅನ್ನುತ್ತಾರೆ. ಅವಳಿಗೆ ದಾರ ಬಂದ ದಿನವೇ ಗೊತ್ತಿತ್ತು. ನಾನು ಅಂಗಡಿಯಲ್ಲಿ ಮೆರವಣಿಗೆ ಮಾಡುತ್ತಿದ್ದೆನಲ್ಲ, ಬಾಯಿ ಬಿಡಲಿಲ್ಲ.

ಒಂದೇ ಪ್ರಶ್ನೆ. ಸಾಹುಕಾರ್ತಿ ನಿಂತಿದ್ದಾಳೋ, ಬಿದ್ದಿದ್ದಾಳೋ? ನಿಜ ಬರೆ. ಕಾರ್ಡಿನಲ್ಲಿ ಬರೆದರೂ ಸಾಕು.

ಅಪ್ಪಯ್ಯ

*

ಬಾಳೆಲೆ
೨ ಅಕ್ಟೋಬರ್ ೧೯೩೬

ಅಪ್ಪಯ್ಯ,

ಬಿದ್ದಳು.

ಮೊದಲ ಎರಡು ವಾರ ಚೆನ್ನಾಗಿಯೇ ಇದ್ದಳು. ಆಮೇಲೆ ತಿನ್ನುವುದು ಬಿಟ್ಟಳು, ಹೆಜ್ಜೆ ತಡವರಿಸಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಕಾಲು ಮಡಚಿಕೊಂಡು, ಕತ್ತು ಬೆನ್ನಿನ ಮೇಲೆ ಬಾಗಿಸಿಕೊಂಡು, ಆಕಾಶ ನೋಡುತ್ತಾ ಕೂತಿದ್ದಳು. ಪಕ್ಕದ ಗೂಡಿನಲ್ಲಿ ಬಡವಿ ಮಣ್ಣು ಕೆದಕುತ್ತಿದ್ದಳು. ಬೆಳ್ಯಪ್ಪ ಅತ್ತುಬಿಟ್ಟ. ಬೇಟೆ ಮನೆಯ ಹುಡುಗ, ಆದರೂ ಅತ್ತ.

ಆಮೇಲೆ ಅವರಲ್ಲೇ ವಾದ ಎದ್ದಿತು. ಒಲೆಯಲ್ಲಿ ಸೌದೆ ತುಂಬಿದೆಯಲ್ಲ, ಮತ್ತೆ ಯಾಕೆ ಆರಿಹೋಯಿತು ಎಂದು ಬೆಳ್ಯಪ್ಪ ಕೇಳಿದ. ಬಾಗಿಲ ಹತ್ತಿರದಿಂದ ಮುತ್ತಿ ಹೇಳಿದಳು:

“ಸೌದೆ ಇದ್ದರೆ ಸಾಕಾ? ಬೆಂಕಿಪೊಟ್ಟಣ ಬೇಡವಾ? ಅದು ತೌಡಿನ ಜೊತೆ ಹೋಯಿತು.”

ಪುಸ್ತಕದಲ್ಲಿ ನಾಲ್ಕು ಪುಟ ಇದ್ದದ್ದು ಇಷ್ಟೇ, ಅಪ್ಪಯ್ಯ. ಅಷ್ಟು ಹೇಳಿ ಅವಳು ನನ್ನ ಮುಖ ನೋಡಲಿಲ್ಲ, ನನ್ನ ಪಾದ ನೋಡಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ನಾನು ಸೀರೆಯ ಅಂಚು ಎಳೆದುಕೊಂಡೆ.

ಜುಲೈ ಕೊನೆಯಿಂದ ಹೀಗಿದೆ. ಮೊದಲು ಪಾದ ಜೋಮು ಹಿಡಿದ ಹಾಗೆ ಆಗುತ್ತಿತ್ತು. ಆಮೇಲೆ ಊದಿತು, ಬೆರಳು ಒತ್ತಿದರೆ ಗುಳಿ ಹಾಗೆಯೇ ನಿಲ್ಲುತ್ತದೆ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ. ಮಲೆ ಸೀಮೆಯ ಚಳಿ, ಒದ್ದೆ ನೆಲ ಎಂದುಕೊಂಡಿದ್ದೆ. ವಿರಾಜಪೇಟೆಯ ಡಾಕ್ಟರಲ್ಲಿಗೆ ಹೋಗಲು ಹೆದರಿದೆ. ದಾರಿಯಲ್ಲಿ ಯಾರಾದರೂ ಕಂಡರೆ ಸುದ್ದಿ ಸಿದ್ದಣ್ಣನವರಿಗೆ ಮುಟ್ಟುತ್ತದೆ, ಅವರಿಂದ ನಿಮಗೆ. ಹುಷಾರು ತಪ್ಪಿದರೆ ವಾಪಸ್ಸು ಎಂದು ಮಾತು ಕೊಟ್ಟಿದ್ದೇನಲ್ಲ.

ಕೋಳಿಗೆ ಹಾಕಿದ್ದು ನಿಮ್ಮ ಅಕ್ಕಿಯೇ, ನೀವು ಹೇಳುವ ಮೊದಲಿನಿಂದಲೂ. ಸಾಹುಕಾರ್ತಿ ಗೆಲ್ಲಲಿ ಎಂದು ನಾನು ಹರಕೆ ಹೊತ್ತಿದ್ದೆ. ಪಾಠ ಹೇಳುವವಳು ಪುಸ್ತಕ ಸುಳ್ಳಾಗಲಿ ಎಂದು ಬೇಡಿಕೊಂಡದ್ದು ಇದೇ ಮೊದಲಿರಬೇಕು. ಅವಳು ಬಿದ್ದ ಮೇಲೆ ನಿಮಗೆ ಬರೆಯಲು ಕೂತೆ. ಹೊಸ ಮಿಷನ್ನಿನ ಗಾಲಿ ನೀನೇ ತಿರುಗಿಸಬೇಕು ಎಂದ ಕಾಗದ ಪೆಟ್ಟಿಗೆಯಲ್ಲಿತ್ತು. ಕೈ ಬರಲಿಲ್ಲ.

ಸಾಹುಕಾರ್ತಿ ಸತ್ತಿಲ್ಲ. ಮಕ್ಕಳು ತೌಡು ಕಲಸಿ ಉಂಡೆ ಮಾಡಿ ಅವಳ ಗಂಟಲಿಗೆ ಇಟ್ಟರು. ಮೆತ್ತಗಿನ ಕೊಳವೆಗೆ, ಹುಷಾರಾಗಿ. ಮರುದಿನ ಕತ್ತು ನೆಟ್ಟಗಾಯಿತು, ಅದರ ಮರುದಿನ ಎದ್ದು ನಿಂತಳು. ಅವತ್ತೇ ಮುತ್ತಿ ಒಂದು ಬಾಳೆ ಎಲೆಯಲ್ಲಿ ತೌಡು ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟು, ಹೋಗಿ ಕೂತಳು.

ಅಂಗಡಿಯಿಂದ ಹೆಸರುಕಾಳು ತರಿಸಿ ಬೇಯಿಸಿಕೊಳ್ಳುತ್ತಿದ್ದೇನೆ. ಸ್ವಲ್ಪ ವಾಸಿ. ಮುತ್ತಿಯ ತೌಡು ಡಬ್ಬಿಯಲ್ಲಿದೆ. ಅದು ಬೋಜಪ್ಪನವರ ಮನೆಯ ಭತ್ತ, ಅವಳ ತಾಯಿ ಕುಟ್ಟಿದ್ದು. ನಿಮಗೆ ಕೊಟ್ಟ ಮಾತಿದೆ. ದಿನಾ ಡಬ್ಬಿ ತೆರೆದು ನೋಡಿ ಮುಚ್ಚುತ್ತೇನೆ. ಅವಳು ಬಾಗಿಲಿಂದ ದಿನಾ ನನ್ನ ಪಾದ ನೋಡುತ್ತಾಳೆ.

ಅಪ್ಪಯ್ಯ, ನನ್ನನ್ನು ವಾಪಸ್ಸು ಕರೆಸಬೇಡಿ. ಈ ಮಕ್ಕಳು ಈಗಷ್ಟೇ ಈಲಿಯಿಂದ ಎದೆಗೆ ಬಂದಿದ್ದಾರೆ. ಎದೆ ಬಡಿಯುವುದು ಯಾಕೆ ಎಂದು ಕೇಳುತ್ತಿದ್ದಾರೆ.

ವಿಮಲ

*

ತಂತಿ. ಸೋಮವಾರಪೇಟೆ, ೬ ಅಕ್ಟೋಬರ್ ೧೯೩೬

ತೌಡು ತಿನ್ನು. ಬರುತ್ತಿದ್ದೇನೆ. ಶಾಂತಪ್ಪ.

*

ಶನಿವಾರಸಂತೆ
೨೬ ಅಕ್ಟೋಬರ್ ೧೯೩೬

ಮಗಳೇ,

ನಾನು ಕ್ಷೇಮವಾಗಿ ಬಂದು ಸೇರಿದೆ. ದಾರಿಯುದ್ದಕ್ಕೂ ಜೊತೆಗಿದ್ದ ಸಿದ್ದಣ್ಣ ಕೇಳಿದ್ದು ಒಂದೇ, ಸೋಮವಾರಪೇಟೆಯ ತಂತಿ ಗುಮಾಸ್ತ ಹೇಳಿದ್ದು ನಿಜವೇ ಅಂತ. ಆ ಪುಣ್ಯಾತ್ಮ ನನ್ನ ತಂತಿ ಬರೆದುಕೊಳ್ಳುವಾಗ, ವಿಳಾಸ ಶಾಲೆಗೋ ಕೊಟ್ಟಿಗೆಗೋ ಎಂದು ಕೇಳಿದ್ದ. ಶಾಲೆಗೆ ಎಂದೆ. ಕಾಲ ಕೆಟ್ಟಿತು ಅಂದ.

ನಿನ್ನ ಎದುರಿಗೆ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ಅವತ್ತು ಗಾಡಿ ಇಳಿದಾಗ ನೀನು ಶಾಲೆಯ ಜಗಲಿಯ ಕಂಬ ಹಿಡಿದು ನಿಂತಿದ್ದೆ. ನಡೆದು ಬರಲಿಲ್ಲ. ನಾನು ಮೊದಲು ನೋಡಿದ್ದು ನಿನ್ನ ಕೆನ್ನೆ. ನಿನ್ನ ಅವ್ವ ಹೇಳಿದ್ದು ಸರಿ ಇತ್ತು.

ನೀನು ಒಳಗೆ ಹೋದ ಮೇಲೆ ನಿನ್ನ ಮಕ್ಕಳು ನನ್ನನ್ನು ಸುತ್ತಿಕೊಂಡರು. ಬೆಳ್ಯಪ್ಪ ಗೂಡಿನ ಹತ್ತಿರ ಕರೆದುಕೊಂಡು ಹೋಗಿ ಸಾಹುಕಾರ್ತಿಯನ್ನು ತೋರಿಸಿದ. ಬಹಳ ಮರ್ಯಾದೆಯಿಂದ ತೋರಿಸಿದ, ನೆಂಟರಿಗೆ ನೆಂಟರನ್ನು ತೋರಿಸುವ ಹಾಗೆ. ನೀನು ನನ್ನ ಕಾಗದ ಅವರಿಗೆ ಓದಿ ಹೇಳಿದ್ದೆಯೋ ಏನೋ, ಆ ಹುಡುಗಿ ಮುತ್ತಿ ಕಂಬಕ್ಕೆ ಒರಗಿ ನನ್ನನ್ನು ಮೇಲಿಂದ ಕೆಳಗೆ ಅಳೆದು ಕೇಳಿದಳು:

“ನಿಮ್ಮ ಎಮ್ಮೆ ಹೇಗಿದೆ?”

“ಚೆನ್ನಾಗಿದೆ” ಅಂದೆ.

“ಇರಲೇಬೇಕಲ್ಲ” ಅಂದಳು.

ಇಷ್ಟು ವರ್ಷ ಸಂತೆಯಲ್ಲಿ ಮಾತು ಮಾರಿದ್ದೇನೆ ವಿಮಲ, ಎಂಥೆಂಥವರ ಬಾಯಿ ಮುಚ್ಚಿಸಿದ್ದೇನೆ. ಆ ಹುಡುಗಿಯ ಎದುರು ಮಾತ್ರ ಗೂಡಿನ ಕಡೆ ತಿರುಗಿಕೊಂಡು ಸಾಹುಕಾರ್ತಿಯ ಕಾಲು ನೋಡಿದೆ. ಯೋಚಿಸಿ ನೋಡು. ಪ್ರೀತಿ ಅಂತ ಮೂರು ಸಲ ತೆಗೆದೆ. ತೆಗೆದದ್ದನ್ನು ಬಕೆಟ್ಟಿನಲ್ಲಿ ಎಮ್ಮೆಗೆ ಕೊಟ್ಟು, ಉಳಿದದ್ದನ್ನು ಮೂಟೆ ಹೊಲಿದು ಮಗಳಿಗೆ ಕಳಿಸಿದೆ. ಎಮ್ಮೆಯ ಮೈ ಹೊಳೆಯಿತು ಅಂತ ನಿನಗೇ ಬರೆದೆ.

ಬೋಜಪ್ಪನವ‌ರ ಮನೆಯಮ್ಮ ಹೊಸ ಮಡಕೆಯಲ್ಲಿ, ಬೇರೆ ಒಲೆ ಹೂಡಿ ಕೆಂಪಕ್ಕಿ ಅನ್ನ, ಸೊಪ್ಪಿನ ಸಾರು ಮಾಡಿದಾಗ ನೀನು ನನ್ನ ಮುಖ ನೋಡಿದೆ. ನಾನು ಎಲೆಯ ಮುಂದೆ ಕೂತದ್ದನ್ನು ಜಯಪ್ಪನಿಗೆ ಹೇಳಿದ್ದೇನೆ. ಶಿವ ಎಲ್ಲ ಕಡೆ ಇದ್ದಾನೆ ಅಂತ ದಿನಾ ಪೂಜೆಯಲ್ಲಿ ಹೇಳುತ್ತೇವೆ, ಬೋಜಪ್ಪನವರ ಅಡಿಗೆಮನೆಯೊಂದರಲ್ಲಿ ಇಲ್ಲ ಅನ್ನುವುದಕ್ಕೆ ಆಧಾರ ತೋರಿಸು ಅಂದೆ. ಅವನು ಎದ್ದು ಹೋದ. ಬರುತ್ತಾನೆ, ಹಸಿವಾದರೆ. ಅನ್ನ ಒಂದು ಥರ ಬೀಜದ ವಾಸನೆ ಇತ್ತು. ಚಿಕ್ಕಂದಿನ ಗಂಜಿ ನೆನಪಾಯಿತು. ನಾಚಿಕೆಯಾಗುತ್ತದೆ ಅಂದುಕೊಂಡಿದ್ದೆ, ಇನ್ನೊಂದು ಸಲ ಬಡಿಸಿಕೊಂಡೆ.

ನೀನು ಕೊಟ್ಟ ಎರಡು ಮಾತನ್ನೂ ವಾಪಸ್ಸು ಕೊಟ್ಟಿದ್ದೇನೆ. ನಾವು ಹೋಗಿ ಕಂಡ ವಿರಾಜಪೇಟೆಯ ಡಾಕ್ಟರು ಹೇಳಿದ ಹಾಗೆ ತೌಡು, ಕಾಳು ಬಿಡಬೇಡ. ಅವರು ಆ ಕಾಯಿಲೆಗೆ ಒಂದು ಹೆಸರು ಹೇಳಿದರಲ್ಲ, ಮಕ್ಕಳ ಪದ್ಯದ ಹಾಗೆ ಎರಡೆರಡು ಸಲ ಬರುತ್ತದೆ, ನನ್ನ ಬಾಯಲ್ಲಿ ನಿಲ್ಲಲಿಲ್ಲ. ಮುತ್ತಿ ಹೇಳಿದ್ದು ನಿಂತಿದೆ.

ಮೈಸೂರಿನ ಮಿಷನ್ನು ಬೇಡ ಎಂದು ಬರೆದು ಹಾಕಿದೆ. ಆಯುಧಪೂಜೆ ಹಳೆಯದಕ್ಕೇ ಮಾಡಿದೆವು. ಗಾಲಿ ತಿರುಗಿಸಿದ್ದು ನಿನ್ನ ಅವ್ವ. ಇನ್ನು ಮೇಲೆ ಯಾರಿಗೇ ಆಗಲಿ ಒಂದೇ ಸಲ, ಅದೂ ಸಡಿಲ ಬಿಟ್ಟು. ಎರಡು ಮದುವೆ ಮನೆಯವರು ಬೇರೆ ಊರಿನ ಮಿಷನ್ನಿಗೆ ಹೋದರು. ಹೋಗಲಿ.

ನಿನ್ನ ಅಪ್ಪಯ್ಯ

*

ಬಾಳೆಲೆ
೧೦ ಜನವರಿ ೧೯೩೭

ಅಪ್ಪಯ್ಯನವರಿಗೆ ಶರಣು.

ನಿನ್ನೆ ಮಕ್ಕಳನ್ನು ಹೊಳೆಯವರೆಗೆ ಕರೆದುಕೊಂಡು ಹೋಗಿ ವಾಪಸ್ಸು ನಡೆದು ಬಂದೆ. ಹೋಗುವಾಗ ಬೆಳ್ಯಪ್ಪ ನನ್ನ ಹಿಂದೆಯೇ ಕುರ್ಚಿ ಹೊತ್ತುಕೊಂಡು ಬಂದ, ಬೇಡ ಅಂದರೂ ಕೇಳಲಿಲ್ಲ. ಬರುವಾಗ ಅದರಲ್ಲಿ ಅವನೇ ಎರಡು ಸಲ ಕೂತ.

ಹೆಬ್ಬೆರಳ ತುದಿ ಇನ್ನೂ ಸ್ವಲ್ಪ ಜೋಮು. ಬಾವು ಪೂರ್ತಿ ಇಳಿದಿದೆ. ಬೋಜಪ್ಪನವರ ಮನೆಯಮ್ಮ ಈಗ ನನ್ನನ್ನು ಕರೆಯುವುದಿಲ್ಲ, ತಟ್ಟೆ ಹಾಕಿ ಕಾಯುತ್ತಾರೆ.

ಸಾಹುಕಾರ್ತಿ ಮೊಟ್ಟೆ ಇಡುತ್ತಿದ್ದಾಳೆ. ಅವಳ ಹೆಸರು ಬದಲಾಯಿಸಬೇಕು ಎಂದು ತರಗತಿಯಲ್ಲಿ ಮಾತು ಬಂತು. ಮುತ್ತಿ ಒಪ್ಪಲಿಲ್ಲ. ಸಾಹುಕಾರರೂ ತೌಡು ತಿನ್ನಬಹುದು ಎಂದು ಅವಳ ವಾದ. ನಿಮ್ಮನ್ನು ಕಣ್ಣಲ್ಲಿಟ್ಟುಕೊಂಡು ಹೇಳಿದ್ದು.

ಪರೀಕ್ಷೆಯಲ್ಲಿ, ನಾವು ಯಾಕೆ ಉಣ್ಣುತ್ತೇವೆ ಎಂದು ಒಂದು ಪ್ರಶ್ನೆ ಕೊಟ್ಟಿದ್ದೆ. ಉಳಿದವರೆಲ್ಲ ಒಲೆ, ಸೌದೆ, ಬೆಂಕಿಪೊಟ್ಟಣ ಬರೆದರು. ಮುತ್ತಿ ಬರೆದದ್ದು ಒಂದು ಸಾಲು, ನಾಳೆ ಟೀಚರಮ್ಮ ಬರಬೇಕಲ್ಲ ಅದಕ್ಕೆ. ಅಂಕ ಎಷ್ಟು ಕೊಡಬೇಕೆಂದು ಇನ್ನೂ ತೀರ್ಮಾನ ಮಾಡಿಲ್ಲ.

ನೀವು ಸಡಿಲವಾಗಿ ಮಾಡಿಸಿದ್ದ ಆ ಚಪ್ಪಲಿ ಈಗ ಕಾಲಲ್ಲಿ ನಿಲ್ಲುತ್ತಿಲ್ಲ. ಮೂಟೆಯ ಗೋಣಿಯಲ್ಲಿ ಕಟ್ಟಿ ವಾಪಸ್ಸು ಕಳಿಸಿದ್ದೇನೆ. ಹಳೆಯದೇ ಹಾಕಿಕೊಂಡಿದ್ದೇನೆ, ಸರಿಯಾಗಿದೆ. ದಾರ ಬೇಕಿಲ್ಲ.

ವಿಮಲ

*

ಶನಿವಾರಸಂತೆ
೨೪ ಜನವರಿ ೧೯೩೭

ಮಗಳೇ,

ಚಪ್ಪಲಿ ಬಂತು. ನಿನ್ನ ಅವ್ವ ಒಂದನ್ನು ಮಡಿಲಲ್ಲಿಟ್ಟುಕೊಂಡು ಒಳಗೆ ಕೈ ಹಾಕಿ ನೋಡಿದಳು. ಎಷ್ಟು ಸಡಿಲ ಅಂತ ನೋಡಿದಳೋ ಏನೋ. ಆಮೇಲೆ ಎದ್ದು ಒಲೆ ಹಚ್ಚಿ, ಕೆಂಪಕ್ಕಿಯ ಪಾಯಸ ಮಾಡಿದಳು. ಜಯಪ್ಪ ಎರಡು ಲೋಟ ಕುಡಿದ.

ಆ ಚಪ್ಪಲಿಯನ್ನು ನಾನು ಮಿಷನ್ನಿನ ಪಕ್ಕದ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದೇನೆ. ಯಾರಾದರೂ ಬಂದು, ಶಾಂತಪ್ಪನವರೇ ಇನ್ನೊಂದು ಸುತ್ತು ಬಿಡಿ, ಬೆಳ್ಳಗಾಗಲಿ ಅಂದರೆ, ಅದರ ಕಡೆ ಕೈ ತೋರಿಸುತ್ತೇನೆ. ಅವರು ನೋಡಿ ತಲೆಯಾಡಿಸಿ ಮೂಟೆ ಹೊತ್ತುಕೊಂಡು ಹೋಗುತ್ತಾರೆ.

ದೃಷ್ಟಿಯಾಗದಿರಲಿ ಅಂತ ಕಟ್ಟಿದ್ದೇನೆ ಎಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಮುತ್ತಿಗೆ ಪೂರ್ತಿ ಅಂಕ ಕೊಡು.

ನಿನ್ನ ಅಪ್ಪಯ್ಯ